ಅದಿರಿಗೆ ಹಾಕಿದ ಮಿತಿ

2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಗಣಿಗಳಿಗೆ ಒಂದು ಅಂಕೆ ಹಾಕಿತು. ಬಳ್ಳಾರಿಯಿಂದ ವರ್ಷಕ್ಕೆ ಎರಡೂವರೆ ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿನಿಂದ ಒಟ್ಟು 50 ಲಕ್ಷ ಟನ್. ಬೆಲೆ ಎಷ್ಟೇ ಏರಲಿ, ಕೊಳ್ಳುವವರು ಎಷ್ಟೇ ಕಾದಿರಲಿ, ಅದಕ್ಕಿಂತ ಹೆಚ್ಚು ಕಬ್ಬಿಣದ ಅದಿರು ತೆಗೆಯುವಂತಿರಲಿಲ್ಲ. ಪರಿಸರದ ಹಾನಿಯ ಜೊತೆಗೆ ಮುಂದಿನ ತಲೆಮಾರಿನ ಪಾಲನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆರ್ಥಿಕ ಬೆಳವಣಿಗೆಗೆ ಎಲ್ಲಾದರೂ ಕೊನೆ ಇರಬೇಕೇ ಎಂಬ ಪ್ರಶ್ನೆಯನ್ನು ಹೊಟ್ಟೆ ತುಂಬಿದ ಯುರೋಪಿನ ಚಿಂತೆ ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಆದರೆ ಆ ಪ್ರಶ್ನೆಗೆ ಕಾನೂನಿನ ಬಲವಿರುವ ಉತ್ತರವೊಂದು ನಮ್ಮ ನೆಲದಲ್ಲೇ ಜಾರಿಯಾಗಿದೆ.

ಅದಕ್ಕೂ ಹಿಂದಿನ ದಶಕ ಹೇಗಿತ್ತೆಂದು ಸಂಡೂರು, ಹೊಸಪೇಟೆಯ ಕಡೆಯವರಿಗೆ ಹೇಳಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಚೀನಾದ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಚಿಮ್ಮಿತು. ಲಾರಿಗಳು ಸಾಲುಗಟ್ಟಿದವು, ಹೊಲಗಳ ಮೇಲೆ ಕೆಂಧೂಳು ಕೂತಿತು, ಬೇಲೆಕೇರಿ ಬಂದರಿನಿಂದ ಅಕ್ರಮ ಅದಿರು ಹಡಗೇರಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2011ರ ವರದಿ ಸರ್ಕಾರಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಆ ವರ್ಷವೇ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿತು. ಈ ಕಥೆಯನ್ನು ನಾವು ಭ್ರಷ್ಟಾಚಾರದ ಕಥೆಯಾಗಿಯೇ ಕೇಳಿದ್ದೇವೆ, ಅದು ನಿಜವೂ ಹೌದು. ಆದರೆ ಪ್ರತಿಯೊಂದು ಲಾರಿಗೂ ಪರವಾನಗಿ ಇದ್ದು, ಪ್ರತಿ ಟನ್ನಿಗೂ ರಾಜಧನ ಕಟ್ಟಿದ್ದರೂ ಗುಡ್ಡ ಅಷ್ಟೇ ಕರಗುತ್ತಿತ್ತು. ಜಿಡಿಪಿಯ ಪುಸ್ತಕದಲ್ಲಿ ಅದಿರು ಮಾರಿದ್ದು ಆದಾಯ, ಅದನ್ನು ಸಾಗಿಸಿದ್ದು ಆದಾಯ, ಧೂಳಿನಿಂದ ಕೆಮ್ಮು ಹತ್ತಿದವರು ಆಸ್ಪತ್ರೆಗೆ ಕಟ್ಟಿದ್ದೂ ಆದಾಯವೇ. ಖಾಲಿಯಾದ ಗುಡ್ಡಕ್ಕೆ ಅದರಲ್ಲಿ ಕಾಲಂ ಇಲ್ಲ. ಪಿತ್ರಾರ್ಜಿತ ಹೊಲ ಮಾರಿ ಬಂದ ದುಡ್ಡನ್ನು ಈ ವರ್ಷದ ಫಸಲು ಎಂದು ಬರೆದುಕೊಂಡ ಹಾಗೆ. ರಾಷ್ಟ್ರೀಯ ಆದಾಯವನ್ನು ಅಳೆಯುವ ಕ್ರಮವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಕೂಡ, ಈ ಅಂಕಿಯಿಂದ ಜನರ ಯೋಗಕ್ಷೇಮವನ್ನು ಊಹಿಸಲಾಗದು ಎಂದು 1934ರಲ್ಲೇ ಅಮೆರಿಕದ ಸೆನೆಟ್‌ಗೆ ಎಚ್ಚರಿಸಿದ್ದರು.

ಹಾಗಾದರೆ ಬೆಳವಣಿಗೆಯನ್ನೇ ನಿಲ್ಲಿಸಬೇಕೆ? ಪ್ರಶ್ನೆಯನ್ನು ಹೀಗೆ ಕೇಳಿದರೆ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ. ಮಿತಿ ಬೇಕಿರುವುದು ಹಣಕ್ಕಲ್ಲ, ಭೂಮಿಯಿಂದ ಎತ್ತುವ ವಸ್ತುವಿಗೆ. ಜಗತ್ತು 1970ರಲ್ಲಿ ಸುಮಾರು 3,000 ಕೋಟಿ ಟನ್ ಕಲ್ಲು, ಅದಿರು, ಇಂಧನ, ಬೆಳೆ ಎಲ್ಲವನ್ನೂ ಸೇರಿಸಿ ತೆಗೆಯುತ್ತಿತ್ತು. ಈಗ ಅದು 10,000 ಕೋಟಿ ಟನ್ ದಾಟಿದೆ. ತಂತ್ರಜ್ಞಾನ ಸುಧಾರಿಸಿದರೆ ಕಡಿಮೆ ವಸ್ತುವಿನಲ್ಲೇ ಹೆಚ್ಚು ಸಂಪತ್ತು ಸಿಗುತ್ತದೆ ಎನ್ನುವವರಿಗೆ ಬ್ರಿಟನ್ ಒಳ್ಳೆಯ ಸಾಕ್ಷಿ: 1990ರಿಂದೀಚೆಗೆ ಅದರ ಆರ್ಥಿಕತೆ ಬೆಳೆದಿದೆ, ದೇಶದೊಳಗೆ ಹೊರಬೀಳುವ ಇಂಗಾಲದ ಹೊಗೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಆದರೂ ಬ್ರಿಟನ್ ಕೊಳ್ಳುವ ಎಷ್ಟೋ ಸರಕಿನ ಹೊಗೆ ಅದು ತಯಾರಾಗುವ ದೇಶಗಳ ಲೆಕ್ಕದಲ್ಲಿದೆ. ಹಬೆಯಂತ್ರಗಳು ಸುಧಾರಿಸಿದಷ್ಟೂ ಕಲ್ಲಿದ್ದಲು ಹೆಚ್ಚೇ ಖರ್ಚಾಗುತ್ತದೆ ಎಂದು ವಿಲಿಯಂ ಜೆವನ್ಸ್ 1865ರಲ್ಲೇ ತೋರಿಸಿದ್ದರು. ಉಳಿತಾಯವಾದದ್ದು ಅಗ್ಗವಾಗುತ್ತದೆ, ಅಗ್ಗವಾದದ್ದನ್ನು ಜನ ಇನ್ನಷ್ಟು ಬಳಸುತ್ತಾರೆ. ಜಾಣ ಯಂತ್ರದ ಜೊತೆಗೆ ಗಟ್ಟಿ ಮಿತಿಯೂ ಬೇಕಾಗುವುದು ಇದಕ್ಕೇ.

ಬಡವರ ದೇಶಕ್ಕೆ ಇದು ಹೇಗೆ ಒಗ್ಗೀತು ಎಂಬುದು ಗಂಭೀರ ಆಕ್ಷೇಪ. ಭಾರತದ ತಲಾ ಆದಾಯ ಅಮೆರಿಕದ ಮೂವತ್ತರಲ್ಲೊಂದು ಭಾಗದಷ್ಟೂ ಇಲ್ಲ. ಶಾಲೆ, ಆಸ್ಪತ್ರೆ, ರೈಲು, ಮನೆ ಎಲ್ಲಕ್ಕೂ ಉಕ್ಕು ಬೇಕು, ಸಿಮೆಂಟ್ ಬೇಕು. ಆದ್ದರಿಂದ ಮೊದಲು ಇಳಿಯಬೇಕಾದವರು ಮೇಲಿರುವವರು, ಅದರಲ್ಲಿ ಅನುಮಾನವಿಲ್ಲ. ಆದರೆ ಅಗೆದರೆ ಸಾಕು, ಬಡತನ ತಾನಾಗಿ ಹೋಗುತ್ತದೆ ಎಂಬ ನಂಬಿಕೆಗೆ ಬಳ್ಳಾರಿ ಬೆಂಬಲ ಕೊಡುವುದಿಲ್ಲ. ಅಷ್ಟು ಸಂಪತ್ತು ಹೊರಗೆ ಸಾಗಿಸಿದ ಮೇಲೂ, ಸಂವಿಧಾನದ 371(ಜೆ) ಕಲಂ ರೂಪುಗೊಂಡಾಗ ವಿಶೇಷ ನೆರವು ಬೇಕಾದ ಹಿಂದುಳಿದ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರೂ ಇತ್ತು.

ನನ್ನ ವಾದಕ್ಕೆ ಹೆಚ್ಚು ಕಷ್ಟ ಕೊಡುವುದು ಇನ್ನೊಂದು ಆಕ್ಷೇಪ. ಸರ್ಕಾರದ ಸಾಲ, ಪಿಂಚಣಿ, ಬ್ಯಾಂಕಿನ ಬಡ್ಡಿ, ಹೊಸಬರಿಗೆ ಕೆಲಸ, ಎಲ್ಲವೂ ನಾಳೆ ಇಂದಿಗಿಂತ ದೊಡ್ಡದಿರುತ್ತದೆ ಎಂಬ ಭರವಸೆಯ ಮೇಲೆ ನಿಂತಿವೆ. ಬೆಳವಣಿಗೆ ಕುಂಟಿದರೆ ಮೊದಲು ಬೀಳುವವರು ಕೂಲಿಯವರು. 2011ರಲ್ಲಿ ಆದದ್ದೂ ಅದೇ: ಸಾಲದ ಲಾರಿಗಳು ನಿಂತವು, ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನವರು ಕೆಲಸ ಕಳೆದುಕೊಂಡರು. ಅದಿರಿನ ಹರಾಜಿನಿಂದ ಬಂದ ಹಣದ ಪಾಲನ್ನು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಿಟ್ಟರೂ ಅದು ಬಹುಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿಯಿತು. ತಪ್ಪು ಮಿತಿಯದಲ್ಲ, ಮಿತಿಯ ಜೊತೆ ಬರಬೇಕಿದ್ದ ಬದಲಿ ಕೆಲಸ ಬಾರದ್ದು. ಮುಂಚಿತವಾಗಿ ಹೇಳಿ, ಹಂತಹಂತವಾಗಿ ಇಳಿಸಿ, ಆ ಹಣವನ್ನು ಕೆರೆ, ಕಾಡು, ನೀರಾವರಿಯ ಕೆಲಸಕ್ಕೆ ಕೂಡಲೇ ಬಿಟ್ಟಿದ್ದರೆ ಲಾರಿ ಬಿಟ್ಟವರಲ್ಲಿ ಕೆಲವರಿಗಾದರೂ ಊರಲ್ಲೇ ಕೂಲಿ ಸಿಗುತ್ತಿತ್ತು.

ಬದಲಿ ಸಿದ್ಧವಿಲ್ಲದ ಕಡೆ ಮಿತಿ ಉಳಿಯುವುದೂ ಕಷ್ಟ. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಸಾಲದು ಎಂಬ ಒತ್ತಾಯದ ನಡುವೆ ಮೂರೂ ಜಿಲ್ಲೆಗಳ ಒಟ್ಟು ಮಿತಿ 2017ರಲ್ಲಿ ಮೂರೂವರೆ ಕೋಟಿ ಟನ್ನಿಗೆ ಏರಿತು. 2022ರಲ್ಲಿ ಅದು ಐದು ಕೋಟಿ ಆಯಿತು.