ಎರಡನೆಯ ಚುಚ್ಚುಮದ್ದನ್ನು ಮರೆಯದಿರೋಣ

ನಮ್ಮ ದೇಹದ ಬಿಳಿರಕ್ತಕಣಗಳು ರೋಗಾಣುವನ್ನು ಗುರುತಿಸಿ ಎದುರಿಸುತ್ತವೆ. ಅವುಗಳಲ್ಲಿ ಕೆಲವು ಆ ವೈರಿಯ ಗುರುತನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ. ದಡಾರವು ಈ ನೆನಪನ್ನೇ ಬಹುಮಟ್ಟಿಗೆ ಅಳಿಸಬಲ್ಲದೆಂದು 2019ರ ಸಂಶೋಧನೆಗಳು ತೋರಿಸಿವೆ. ಆಗ ಬೇರೆ ಬೇನೆಗಳಿಗೂ ಮಗು ತುತ್ತಾಗುತ್ತದೆ.

ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ನಿಂಬೆ, ಸುಖನಿದ್ರೆ ಇವು ದೇಹಕ್ಕೆ ಬಲವೀಯುತ್ತವೆ, ನಿಜ. ಆದರೆ ವೈರಿಯ ಗುರುತನ್ನು ಮೊದಲೇ ಕಲಿಸುವುದು ಲಸಿಕೆಯೇ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಚುಚ್ಚುಮದ್ದು 9 ತಿಂಗಳು ತುಂಬಿದಾಗ. ಎರಡನೆಯದು 16ರಿಂದ 24 ತಿಂಗಳೊಳಗೆ.

ನಿಡೋಣಿಯಿಂದಾಗಲಿ, ನೆರೆಯ ಹಳ್ಳಿಗಳಿಂದಾಗಲಿ ದುಡಿಮೆಗೆಂದು ಗೋವೆ, ಮಹಾರಾಷ್ಟ್ರಗಳಿಗೆ ಹೊರಡುವ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಬುತ್ತಿಯ ಗಂಟಿನೊಡನೆ ತಾಯಿ ಕಾರ್ಡೂ ಇರಲಿ. ಎರಡನೆಯ ಚುಚ್ಚುಮದ್ದನ್ನು ಹೋದೂರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಉಚಿತವಾಗಿ ಹಾಕಿಸಬಹುದು.