ಕಿಂದರಿಜೋಗಿ ಬಟ್ಟೆ ಗೊಂಬೆ: ಹೊಲಿಯೋದು ಸುಲಭ, ಮಾರೋಕೆ ನಿಯಮ ಇದೆ

ಭೇರ್ಯ: ಮಕ್ಕಳ ಪುಸ್ತಕಕ್ಕೂ ಬಟ್ಟೆ ಗೊಂಬೆಗೂ ಹಳೇ ನಂಟು. ಅಮೆರಿಕದ ಚಿತ್ರಕಾರ ಜಾನಿ ಗ್ರೂಯೆಲ್ 1915ರಲ್ಲಿ ‘ರ‍್ಯಾಗೆಡಿ ಆ್ಯನ್’ ಎಂಬ ಬಟ್ಟೆ ಗೊಂಬೆಗೆ ಪೇಟೆಂಟ್ ಪಡೆದರು. 1918ರಲ್ಲಿ ಅದರ ಕಥೆಪುಸ್ತಕ ಬಂತು. ಓದಿದ ಮನೆಗಳಲ್ಲಿ ಅಮ್ಮಂದಿರು ಹಳೇ ಬಟ್ಟೆಯಲ್ಲೇ ಅದನ್ನು ಹೊಲಿದುಕೊಟ್ಟರು.

ನಮ್ಮಲ್ಲೂ ಅಂಥ ಕಥೆಗೆ ಬರವಿಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಜೋಗಿ, ಅವನ ಹಿಂದೆ ಇಲಿಗಳ ಹಿಂಡು ಇದೆ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಿಗೆ ಹೇಳಿ ಮಾಡಿಸಿದಂತಿದೆ. ಟೈಲರ್ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ, ತುಂಬಲು ಹತ್ತಿ, ಇಲಿ ಬಾಲಕ್ಕೆ ದಪ್ಪ ದಾರ ಇದ್ದರೆ ಸಾಕು.

ಎಚ್ಚರಿಕೆ: ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಗುಂಡಿಯ ಕಣ್ಣು ಬೇಡ. ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ದಾರದಲ್ಲೇ ಕಣ್ಣು ಹೊಲಿಯಿರಿ.

ಅಂಗಡಿಯವರ ಗಮನಕ್ಕೆ: 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಸ್ವಂತ ಮಗುವಿಗೆ ಹೊಲಿಯಲು ಯಾವ ಗುರುತೂ ಬೇಕಿಲ್ಲ. ಆದರೆ ಕೈಯಲ್ಲಿ ಹೊಲಿದ ಗೊಂಬೆಯನ್ನು ಅಂಗಡಿಯಲ್ಲಿ ಮಾರಾಟಕ್ಕಿಡುವ ಮುಂಚೆ, ಹೊಲಿದವರ ಬಳಿ ಕುಶಲಕರ್ಮಿ ಗುರುತಿನ ಚೀಟಿ ಇದೆಯೇ ಅಂತ ಕೇಳಿಕೊಳ್ಳಿ.