ಆಶಿಸುತ್ತಿರುವವನ ಗುಟ್ಟಿನ ಹೆಸರು

ಎಸ್ಪೆರಾಂಟೊ ಕಲೀತಿದೀನಿ ಅಂದರೆ ಗೆಳೆಯರು ಕೇಳುವ ಮೊದಲ ಪ್ರಶ್ನೆ, ‘ಯಾವ ದೇಶದ್ದೋ ಅದು? ಅಲ್ಲಿ ಕೆಲಸ ಸಿಗುತ್ತಾ?’ ಅದು ಯಾವ ದೇಶದ್ದೂ ಅಲ್ಲ, ಒಬ್ಬ ಮನುಷ್ಯ ಕೂತು ಕಟ್ಟಿದ ಭಾಷೆ. ಕೆಲಸವಂತೂ ಸಿಗುವುದಿಲ್ಲ. ಎರಡು ವರ್ಷದಿಂದ ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿರುವ ನನ್ನನ್ನು ಅದರತ್ತ ಎಳೆದದ್ದು ಅದರ ಹೆಸರು.

1887ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಾರ್ಸಾ ನಗರದಲ್ಲಿ ರಷ್ಯನ್ ಭಾಷೆಯ ಒಂದು ತೆಳ್ಳನೆಯ ಪುಸ್ತಕ ಅಚ್ಚಾಯಿತು. ಬರೆದವರು ಜಾಮೆನ್‌ಹಾಫ್, 27ರ ಹರೆಯದ ಕಣ್ಣಿನ ಡಾಕ್ಟರು. ವೃತ್ತಿ ಇನ್ನೂ ಕೈಹಿಡಿದಿರಲಿಲ್ಲ. ಅಚ್ಚಿನ ಖರ್ಚಿಗೆ ಭಾವಿ ಮಾವ ನೆರವಾದರು. ಹೊಸ ಭಾಷೆ ಕಟ್ಟುವ ಹುಚ್ಚಿರುವ ಡಾಕ್ಟರ ಹತ್ತಿರ ಯಾರು ತಾನೇ ಕಣ್ಣು ತೋರಿಸಿಕೊಳ್ಳುತ್ತಾರೆ? ಅದಕ್ಕೇ ಪುಸ್ತಕದ ಮೇಲೆ ‘ಡಾಕ್ಟರ್ ಎಸ್ಪೆರಾಂಟೊ’ ಎಂದು ಹಾಕಿಸಿದರು. ಭಾಷೆಗೆ ಅವರು ಇಟ್ಟದ್ದು ‘ಅಂತರರಾಷ್ಟ್ರೀಯ ಭಾಷೆ’ ಎಂಬ ಸಪ್ಪೆ ಹೆಸರು. ಜನ ಅದನ್ನು ಬಿಟ್ಟು ಲೇಖಕರ ಗುಟ್ಟಿನ ಹೆಸರನ್ನೇ ಭಾಷೆಗೆ ಅಂಟಿಸಿದರು.

ಪದವನ್ನು ಬಿಡಿಸಿದರೆ ಮಜಾ ಇದೆ. ‘ಎಸ್ಪೆರ್’ ಅಂದರೆ ಆಶಿಸು; ಮೂಲ ಲ್ಯಾಟಿನ್ನಿನ ‘ಸ್ಪೆರಾರೆ’. ಕೊನೆಯ ‘ಒ’ ನಾಮಪದದ ಗುರುತು. ನಡುವೆ ‘ಆಂಟ್’ ಇದೆಯಲ್ಲ, ನನಗೆ ಇಷ್ಟವಾದದ್ದು ಅದೇ. ಕ್ರಿಯೆ ಈಗ ನಡೆಯುತ್ತಿದೆ ಎಂದು ಹೇಳುವ ಪ್ರತ್ಯಯ ಅದು. ಅದರ ಜಾಗದಲ್ಲಿ ‘ಇಂಟ್’ ಇಟ್ಟರೆ ‘ಎಸ್ಪೆರಿಂಟೊ’, ಹಿಂದೊಮ್ಮೆ ಆಶಿಸಿದ್ದವನು. ‘ಓಂಟ್’ ಇಟ್ಟರೆ ‘ಎಸ್ಪೆರೋಂಟೊ’, ಮುಂದೆ ಆಶಿಸಲಿರುವವನು. ಡಾಕ್ಟರು ಆರಿಸಿಕೊಂಡದ್ದು ಆಶಿಸುತ್ತಿರುವವನನ್ನು. (ನಮ್ಮ ಕೋಚಿಂಗ್ ಸೆಂಟರಿನ ಒಂದೇ ಬೆಂಚಿನಲ್ಲಿ ಮೂರೂ ಪ್ರತ್ಯಯದವರು ಸಿಗುತ್ತಾರೆ!)

ಅದೇ ಲ್ಯಾಟಿನ್ ಮೂಲದಿಂದ ಬಂದ ಸ್ಪ್ಯಾನಿಷ್‌ನ ‘ಎಸ್ಪೆರಾರ್’ಗೆ ಆಶಿಸು, ಕಾಯು ಎಂದು ಎರಡು ಅರ್ಥ. ನಮ್ಮ ‘ನಿರೀಕ್ಷೆ’ಯೂ ಹಾಗೇ ಅಲ್ಲವೇ? ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಅದು ಬರೀ ಕಾಯುವುದು. ‘ನಿನ್ನ ಮೇಲೆ ತುಂಬಾ ನಿರೀಕ್ಷೆ ಇಟ್ಕೊಂಡಿದೀವಿ’ ಎಂದು ಅಪ್ಪ ಹೇಳಿದಾಗ ಅದು ಆಸೆ, ಕೇಳಿಸಿಕೊಳ್ಳುವವನಿಗೆ ಭಾರ.

ಎಸ್ಪೆರಾಂಟೊದಲ್ಲಿ ಇವೆರಡೂ ಬೇರೆ ಬೇರೆ. ಆಶಿಸುವುದಕ್ಕೆ ‘ಎಸ್ಪೆರಿ’, ಕಾಯುವುದಕ್ಕೆ ‘ಅಟೆಂಡಿ’. ಕಾಯುತ್ತಿರುವವನು ‘ಅಟೆಂಡಾಂಟೊ’. ನಮ್ಮ ಕಚೇರಿಗಳ ಅಟೆಂಡರ್ ಪದದ ಮೂಲವೂ ಅದೇ, ಲ್ಯಾಟಿನ್ನಿನ ‘ಅಟೆಂಡೆರೆ’. ನಾನು ಅರ್ಜಿ ಹಾಕಿರುವ ಹುದ್ದೆಗಳಲ್ಲಿ ಅದೂ ಒಂದು.